ಸಣ್ಣ ಟ್ರ್ಯಾಕ್ಟರ್ ಎಷ್ಟು ಎಳೆಯುತ್ತದೆ, ಯಾವ ಚೈನು ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಟಗಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪಿದೆ. ಟ್ರ್ಯಾಕ್ಟರ್ ರಿಪೇರಿ, ವೆಲ್ಡಿಂಗ್, ಅದರ ಜೊತೆಗೆ ಚೈನು, ಹುಕ್ಕು, ಶ್ಯಾಕಲ್ (ಪಿನ್ ಹಾಕಿ ಮುಚ್ಚುವ U ಆಕಾರದ ಕೊಂಡಿ) ಮಾರಾಟ. ಕಾಲುವೆಗೆ ನೀರು ಬಿಟ್ಟು ಗದ್ದೆ ಕೆಸರು ಮಾಡುವಾಗ, ಮತ್ತೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದಾಗ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಫೋನು ಶುರುವಾಗುತ್ತದೆ. ಕೇಳುವ ಮಾತು ಹೆಚ್ಚುಕಮ್ಮಿ ಅವೇ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ‘ಚೈನ್ ಮಿಷನ್’ ಅಂದರೆ ಕೆಸರಲ್ಲಿ ಭತ್ತ ಕೊಯ್ಯುವ ಹಾರ್ವೆಸ್ಟರ್. ಇದು ಅದರ ವಿಷಯ ಅಲ್ಲ. ಇಲ್ಲಿ ಚೈನು ಅಂದರೆ ಕೊಂಡಿ ಕೊಂಡಿ ಸೇರಿದ, ಎಳೆಯುವ ಸರಪಳಿ.

ನಂದು 24 ಎಚ್‌ಪಿ ಗಾಡಿ ಐತಿ. ಎಷ್ಟು ಕೆಜಿ ಎಳಿತೈತಿ?

ಎಚ್‌ಪಿ ಒಂದನ್ನೇ ಹೇಳಿದರೆ ಉತ್ತರ ಕೊಡಲು ಬರುವುದಿಲ್ಲ. ಎಳೆಯುವುದು ಎಂಜಿನ್ ಅಲ್ಲ, ನೆಲಕ್ಕೆ ಕಚ್ಚಿದ ಟೈರು. ಟೈರು ಎಷ್ಟು ಕಚ್ಚುತ್ತದೆ ಅನ್ನುವುದು ಎರಡರ ಮೇಲೆ ನಿಂತಿದೆ: ಓಡುವ ಗಾಲಿಗಳ ಮೇಲೆ ಎಷ್ಟು ತೂಕ ಕೂತಿದೆ, ಕೆಳಗಿನ ನೆಲ ಎಂಥದ್ದು.

ಲೆಕ್ಕ ಸರಳ. ಓಡುವ ಗಾಲಿಗಳ ಮೇಲಿನ ತೂಕವನ್ನು ನೆಲದ ಹಿಡಿತದಿಂದ ಗುಣಿಸಿ. ಒಣ ಕಾಂಕ್ರೀಟ್ ಮೇಲೆ ಹಿಡಿತ 0.7ರಿಂದ 0.8. ಗಟ್ಟಿ ಒಣ ನೆಲ, ಅಂದರೆ ಕಣ ಅಥವಾ ಕೊಯ್ದು ಬಿಟ್ಟ ಮಸಾರಿ ಹೊಲವಾದರೆ 0.5ರಿಂದ 0.6. ಉಳುಮೆ ಮಾಡಿದ ಸಡಿಲ ಮಣ್ಣಿನಲ್ಲಿ 0.4ರ ಆಸುಪಾಸು. ಮಳೆ ಬಿದ್ದ ಎರೆ ಹೊಲದಲ್ಲಿ 0.2, ಬಹಳವಾದರೆ 0.3.

ನಿಮ್ಮ ಗಾಡಿ ಫೋರ್ ವೀಲ್ ಡ್ರೈವ್ ಆಗಿ, ಡ್ರೈವರ್ ಸಮೇತ 1000 ಕೆಜಿ ತೂಗುತ್ತದೆ ಅಂತ ಇಟ್ಟುಕೊಳ್ಳಿ. ನಾಲ್ಕೂ ಗಾಲಿ ಓಡುವುದರಿಂದ ಪೂರ್ತಿ ತೂಕ ಲೆಕ್ಕಕ್ಕೆ ಬರುತ್ತದೆ. ಕಾಂಕ್ರೀಟ್ ಮೇಲೆ 700–800 ಕೆಜಿ, ಗಟ್ಟಿ ನೆಲದಲ್ಲಿ 500–600, ಸಡಿಲ ಹೊಲದಲ್ಲಿ 400, ಹಸಿ ಎರೆಯಲ್ಲಿ 200–300. ಟೂ ವೀಲ್ ಡ್ರೈವ್ ಆದರೆ ಹಿಂದಿನ ಗಾಲಿಗಳ ತೂಕ ಮಾತ್ರ ಹಿಡಿಯಬೇಕು. ಅಲ್ಲಿ 600 ಕೆಜಿ ಇದ್ದರೆ ಅದೇ ಗಟ್ಟಿ ನೆಲದಲ್ಲಿ 300–360ಕ್ಕೆ ನಿಂತುಹೋಗುತ್ತದೆ.

ಹೀಗಾಗಿ ಒಂದೇ ಗಾಡಿ ಕಣದಲ್ಲಿ ಹುಲಿ, ಹಸಿ ಎರೆಯಲ್ಲಿ ಇಲಿ. ಷೋರೂಮಿನಲ್ಲಿ ಎಷ್ಟು ಎಚ್‌ಪಿ ಅಂತ ಕೇಳುವಾಗ ಎಷ್ಟು ಕ್ವಿಂಟಲ್ ತೂಕ ಅಂತಲೂ ಕೇಳಿ.

ಹಂಗಾದ್ರ ಎಚ್‌ಪಿ ಯಾತಕ್ಕ ಬೇಕು?

ಅದೇ ಎಳೆತವನ್ನು ಎಷ್ಟು ವೇಗದಲ್ಲಿ ಎಳೆಯಬಹುದು ಅನ್ನುವುದಕ್ಕೆ. ಎಳೆತವನ್ನು ಕೆಜಿಯಲ್ಲಿ, ವೇಗವನ್ನು ಗಂಟೆಗೆ ಕಿಲೋಮೀಟರಿನಲ್ಲಿ ಹಿಡಿದು ಗುಣಿಸಿ 270ರಿಂದ ಭಾಗಿಸಿದರೆ ಡ್ರಾಬಾರಿನಲ್ಲಿ, ಅಂದರೆ ಗಾಡಿಯ ಹಿಂದೆ ಭಾರ ಸಿಕ್ಕಿಸುವ ಕಬ್ಬಿಣದ ಪಟ್ಟಿಯಲ್ಲಿ, ಬೇಕಾದ ಎಚ್‌ಪಿ ಸಿಗುತ್ತದೆ. ಎಂಜಿನ್ನಿನ 24ರಲ್ಲಿ ಗೇರು, ಟೈರು, ಮಣ್ಣು ತಿಂದು ಉಳಿಯುವುದು 16–17 ಅನ್ನಿ. 3 ಕಿಮೀ ವೇಗದಲ್ಲಿ ಆ ಎಂಜಿನ್ 1500 ಕೆಜಿ ಎಳೆಯುವಷ್ಟು ಶಕ್ತಿ ಕೊಡುತ್ತದೆ, ಆದರೆ ಟೈರು 600ಕ್ಕೇ ಜಾರುತ್ತದೆ. 8 ಕಿಮೀಗೆ ಹೋದಾಗ ಎಂಜಿನ್ ಮಿತಿಯೂ 560ರ ಹತ್ತಿರ ಬಂದು ಎರಡೂ ಸಮವಾಗುತ್ತವೆ. 12 ಕಿಮೀಗೆ 380 ಕೆಜಿಗೇ ಎಂಜಿನ್ ಕೂರುತ್ತದೆ.

ಚೈನು ಕಟ್ಟಿ ಎಳೆಯುವ ಕೆಲಸ ಯಾವತ್ತೂ ಕಡಿಮೆ ವೇಗದ್ದು. ಅಲ್ಲಿ ಟೈರು ಜಾರುತ್ತದೆಯೇ ಹೊರತು ಎಂಜಿನ್ ನಿಲ್ಲುವುದಿಲ್ಲ. ಎಂಜಿನ್ನೇ ನಿಂತರೆ ನೀವು ಗೇರು ತಪ್ಪು ಹಾಕಿದ್ದೀರಿ.

ಗಾಡಿ ತೂಕ ನೋಡೂದು ಹೆಂಗ? ಪುಸ್ತಕದಾಗ ಬರೆದಿದ್ದು ಸಾಲೂದಿಲ್ಲೇನು?

ಪುಸ್ತಕದ ತೂಕ ಹೊಸ ಗಾಡಿಯದ್ದು. ಆಮೇಲೆ ನೀವು ಬಂಪರ್ ಹಾಕಿಸಿರುತ್ತೀರಿ, ಟೈರಿಗೆ ನೀರು ತುಂಬಿಸಿರುತ್ತೀರಿ, ಹಿಂದೆ ಕಲ್ಟಿವೇಟರ್ ನೇತಾಡುತ್ತಿರುತ್ತದೆ. ನಮ್ಮಲ್ಲಿ ರೈಸ್‌ಮಿಲ್ಲುಗಳಿಗೇನೂ ಬರವಿಲ್ಲ, ಮಿಲ್ಲಿದ್ದಲ್ಲಿ ವೇಬ್ರಿಡ್ಜೂ ಇರುತ್ತದೆ. ಲಾರಿ ಸಾಲು ಇಲ್ಲದ ಹೊತ್ತು ನೋಡಿ ಹೋಗಿ. ಪೂರ್ತಿ ಗಾಡಿ ಒಮ್ಮೆ ತೂಗಿಸಿ. ಆಮೇಲೆ ಮುಂದಿನ ಗಾಲಿ ಹೊರಗಿಟ್ಟು ಹಿಂದಿನವನ್ನಷ್ಟೇ ತಟ್ಟೆ ಮೇಲೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಆ ಎರಡು ಚೀಟಿ ಜೋಪಾನವಾಗಿಡಿ, ಮುಂದೆ ಎಲ್ಲ ಲೆಕ್ಕಕ್ಕೂ ಬೇಕಾಗುತ್ತವೆ.

ಈ ಅಂಕಿಗಳು ಖರೇನೋ, ಬರೇ ಬಾಯಿಮಾತೋ?

ನನಗೂ ಅನುಮಾನವಿತ್ತು. ಸಿಂಧನೂರಿನಲ್ಲಿ ಹತ್ತಿ ವ್ಯಾಪಾರ ಮಾಡುವ ಗೆಳೆಯನಿಂದ 2 ಟನ್ನಿನ ತೂಗು ಕಾಟಾ ತಂದೆ, ಮೇಲೆ ಕೊಕ್ಕೆ, ಕೆಳಗೆ ಕೊಕ್ಕೆ, ನಡುವೆ ಕೆಂಪು ಅಂಕಿ ಹೊಳೆಯುತ್ತದಲ್ಲ, ಅದು. ವರ್ಕ್‌ಶಾಪಿನ ಹಿಂದಿನ ಬೇವಿನ ಮರದ ಬುಡಕ್ಕೆ ಬೆಲ್ಟು ಸುತ್ತಿ, ಕಾಟಾ ಸಿಕ್ಕಿಸಿ, ಅಲ್ಲಿಂದ ಚೈನು ನನ್ನ ಸಣ್ಣ ಗಾಡಿಯ ಡ್ರಾಬಾರಿಗೆ. ಲೋ ಗೇರು ಹಾಕಿ ಕ್ಲಚ್ಚು ನಿಧಾನ ಬಿಟ್ಟೆ. ಅಂಗಳದ ಗಟ್ಟಿ ನೆಲದಲ್ಲಿ ಅಂಕಿ ಏರುತ್ತಾ ಹೋಗಿ 610ಕ್ಕೆ ಟೈರು ಸುತ್ತಿತು. ಪಕ್ಕದ ಉಳುಮೆ ಮಾಡಿದ ಹೊಲದಲ್ಲಿ ಇನ್ನೊಂದು ಮರಕ್ಕೆ ಕಟ್ಟಿ ನೋಡಿದಾಗ 430.

ಎರಡು ವಾರ ಬಿಟ್ಟು ಮಳೆ ಬಂತು, ಎರೆ ಹೊಲದಲ್ಲಿ ಮತ್ತೆ ನೋಡಿದೆ. 240 ತೋರಿಸಿತು, ಆಮೇಲೆ ಅಂಕಿ ಇಳಿಯತೊಡಗಿತು: 220, 200, 190. ಯಾಕೆ ಅಂತ ಇಳಿದು ನೋಡಿದರೆ ಟೈರಿನ ಹಲ್ಲುಗಳ ಸಂದಿಯೆಲ್ಲ ಎರೆ ಮಣ್ಣು ತುಂಬಿ ಟೈರು ಬೋಳು ಗುಂಡಾಗಿತ್ತು. ಸುತ್ತಿಸಿದಷ್ಟೂ ಎಳೆತ ಕಮ್ಮಿಯಾಗುತ್ತದೆ ಅನ್ನುವುದನ್ನು ಅಲ್ಲಿ ಕಣ್ಣಾರೆ ಕಂಡೆ. ಅದಕ್ಕೇ ಹೇಳುವುದು, ಎರೆಯಲ್ಲಿ ಟೈರು ಜಾರಿದರೆ ಕಾಲು ತೆಗೆಯಿರಿ. ಅಕ್ಸಲರೇಟರ್ ಒತ್ತಿದರೆ ಗುಂಡಿ ನೀವೇ ತೋಡಿಕೊಂಡಂತೆ.

ನೀವೂ ಮಾಡಿ ನೋಡಬಹುದು, ಆದರೆ ಕಾಟಾದ ಮಿತಿ ನಿಮ್ಮ ಗಾಡಿಯ ತೂಕಕ್ಕಿಂತ ಹೆಚ್ಚಿರಲಿ. ಅಂಕಿ ಓದಲು ಹತ್ತಿರ ಹೋಗಬೇಡಿ. ಮೊಬೈಲನ್ನು ದೂರದಿಂದ ಜೂಮ್ ಮಾಡಿ ವಿಡಿಯೋ ತೆಗೆದುಕೊಂಡರೆ ಸಾಕು.

ಕಾರಹುಣ್ಣಿಮೆಗೆ ಎತ್ತು ಎರಡು ಟನ್ ಕಲ್ಲು ಎಳಿತಾವ. ನನ್ನ ಟ್ರ್ಯಾಕ್ಟರಿಗೆ 600 ಅಂತೀರಲ್ಲ?

ರಾಯಚೂರಿನ ಸ್ಪರ್ಧೆ ನೋಡಿದವರೆಲ್ಲ ಇದನ್ನು ಕೇಳೇ ಕೇಳುತ್ತಾರೆ. ಕಲ್ಲಿನ ತೂಕ ಬೇರೆ, ಅದನ್ನು ಸರಿಸಲು ಬೇಕಾದ ಎಳೆತ ಬೇರೆ. ನೆಲದ ಮೇಲೆ ಕಲ್ಲು ಎಳೆಯಲು ಅದರ ತೂಕದ ಸುಮಾರು ಅರ್ಧದಷ್ಟು ಎಳೆತ ಬೇಕು. ಅಂದರೆ ಎರಡು ಟನ್ನಿನ ಕಲ್ಲಿಗೆ ಒಂದು ಟನ್. ಎತ್ತಿನ ಜೋಡಿ ಅಷ್ಟನ್ನು ಕೊಡುವುದು ಕೆಲವೇ ಹೊತ್ತು, ಜೀವ ಬಿಟ್ಟು. ದಿನವಿಡೀ ರಂಟೆ ಹೊಡೆಯುವಾಗ ಎತ್ತು ಕೊಡುವುದು ತನ್ನ ಮೈತೂಕದ ಹತ್ತರಲ್ಲೊಂದು ಭಾಗದಷ್ಟು.

ಗಾಲಿ ಇದ್ದರೆ ಲೆಕ್ಕ ಬದಲಾಗುತ್ತದೆ. ಭತ್ತ ತುಂಬಿದ ಟ್ರೇಲರ್ ಒಟ್ಟು 4 ಟನ್ ಇದ್ದರೆ ಸಮತಟ್ಟು ಡಾಂಬರು ರಸ್ತೆಯಲ್ಲಿ ಬೇಕಾಗುವ ಎಳೆತ 80–120 ಕೆಜಿ ಅಷ್ಟೇ. ಇಪ್ಪತ್ತಕ್ಕೆ ಒಂದರ ಏರು ಬಂದರೆ ಟ್ರೇಲರಿಗೆ ಇನ್ನೊಂದು 200, ಗಾಡಿಯ ಮೈಗೇ 50 ಸೇರುತ್ತದೆ. ಒಣ ಹೊಲದಲ್ಲಿ ಅದೇ ಟ್ರೇಲರ್ 400ರ ಹತ್ತಿರ ಕೇಳುತ್ತದೆ, ಹಸಿ ಹೊಲದಲ್ಲಿ 800ರಿಂದ 1000. ಹಸಿ ಹೊಲದಲ್ಲಿ ನಿಮ್ಮ ಗಾಡಿ ಕೊಡುವುದು 250. ರಸ್ತೆಯಲ್ಲಿ ಹೂವಿನ ಹಾಗೆ ಬಂದ ಟ್ರೇಲರ್ ಹೊಲಕ್ಕಿಳಿದ ಕೂಡಲೇ ನಿಲ್ಲುವುದು ಇದೇ ಕಾರಣಕ್ಕೆ. ಚೀಲಗಳನ್ನು ಬದುವಿನ ತನಕ ತಲೆ ಮೇಲೆ ಹೊರಿಸುವವರು ದಡ್ಡರಲ್ಲ.

ಪಕ್ಕದ ಹೊಲದವರ ದೊಡ್ಡ ಟ್ರ್ಯಾಕ್ಟರ್ ಕೆಸರಾಗ ಕೂತೈತಿ. ನನ್ನ ಸಣ್ಣದ್ರಿಂದ ತೆಗಿಬಹುದಾ?

ಸೈನ್ಯದಲ್ಲಿ ಹೂತ ವಾಹನ ಎತ್ತುವವರು ಒಂದು ಒರಟು ಲೆಕ್ಕ ಹಿಡಿಯುತ್ತಾರೆ. ಗಾಲಿ ಮಟ್ಟ ಹೂತರೆ ಎಳೆಯಲು ವಾಹನದ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್ ಮಟ್ಟ ಹೂತರೆ ಎರಡು ಪಟ್ಟು. 50 ಎಚ್‌ಪಿಯ 2 ಟನ್ ಟ್ರ್ಯಾಕ್ಟರ್ ಗಾಲಿ ಮಟ್ಟ ಕೂತರೂ 2 ಟನ್ ಎಳೆತ. ನಿಮ್ಮಂಥ ಗಾಡಿ ಬದುವಿನ ಗಟ್ಟಿ ನೆಲದ ಮೇಲೆ ನಿಂತರೂ ಎಂಟು ಬೇಕಾಗುವ ಕಡೆ ಎರಡೋ ಮೂರೋ ಇದ್ದಂತೆ.

ಹಾಗಂತ ಕೈಬಿಡಬೇಕಿಲ್ಲ. ಮೊದಲು ಸಲಿಕೆ. ಗಾಲಿಗಳ ಮುಂದೆ ಇಳಿಜಾರಾಗಿ ಮಣ್ಣು ತೋಡಿ, ಆಕ್ಸಲ್ ಕೆಳಗೆ ಅಂಟಿದ ಕೆಸರು ಬಿಡಿಸಿ, ಹುಲ್ಲಿನ ಪೆಂಡಿಯೋ ಹಲಗೆಯೋ ಕೊಡಿ. ಹಿಂದಿನ ಕಲ್ಟಿವೇಟರ್ ಬಿಚ್ಚಿಹಾಕಿ. ಅರ್ಧ ಗಂಟೆ ತೋಡಿದರೆ ಬೇಕಾದ ಎಳೆತ ಅರ್ಧಕ್ಕೆ ಇಳಿಯುತ್ತದೆ. ಸಿಕ್ಕಿದ ಗಾಡಿಯವರು ತಮ್ಮ ಗಾಲಿಯನ್ನೂ ನಿಧಾನ ತಿರುಗಿಸಲಿ. ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯುವುದು ಮುಂದಕ್ಕೆ ಎಳೆಯುವುದಕ್ಕಿಂತ ಯಾವಾಗಲೂ ಹಗುರ, ಅಲ್ಲಿ ಗಾಲಿಯ ಜಾಡು ಆಗಲೇ ಬಿದ್ದಿರುತ್ತದೆ. ಹಾರ್ವೆಸ್ಟರ್ ಕೂತಿದ್ದರೆ ಮಾತ್ರ ಸಣ್ಣ ಗಾಡಿ ತರಲೇಬೇಡಿ.

ಎಳೆತ ಹೆಚ್ಚು ಮಾಡೂದು ಹೆಂಗ?

ತೂಕ ಹೆಚ್ಚಿಸಿ. ಹಿಂದಿನ ಟೈರಿಗೆ ನೀರು ತುಂಬಿಸುವುದು ಅಗ್ಗದ ದಾರಿ. ವಾಲ್ವ್ ಮೇಲಕ್ಕೆ ಬರುವಂತೆ ನಿಲ್ಲಿಸಿ ತುಂಬಿದರೆ ಮುಕ್ಕಾಲು ಭಾಗಕ್ಕೆ ನಿಲ್ಲುತ್ತದೆ, ಅಷ್ಟೇ ಸಾಕು. ಹೊಲದ ಕೆಲಸಕ್ಕೆ ಹಿಂದಿನ ಟೈರಿನ ಗಾಳಿ 12–14 ಪೌಂಡಿಗೆ ಇಳಿಸಿ. ರಸ್ತೆಗೆ ಹೊರಟಾಗ ಮತ್ತೆ ತುಂಬಿಸಲು ಮರೆಯಬೇಡಿ.

ಜಾರುವುದನ್ನು ಅಳೆಯುವ ಸುಲಭ ಉಪಾಯವಿದೆ. ಹಿಂದಿನ ಟೈರಿಗೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಬರಿಗಾಡಿ ಹತ್ತು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ನೋಡಿ, ಆಮೇಲೆ ಭಾರ ಎಳೆಯುತ್ತಾ ಹತ್ತು ಸುತ್ತು. ಬರಿಗಾಡಿ 30 ಮೀಟರ್ ಹೋಗಿ, ಭಾರದಲ್ಲಿ 26 ಹೋದರೆ 13 ಪರ್ಸೆಂಟ್ ಜಾರಿದೆ. 8ರಿಂದ 15ರ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ಹೆಚ್ಚಾದರೆ ಡೀಸೆಲ್ಲೂ ಟೈರೂ ಹೊಲದಲ್ಲೇ ಸವೆದುಹೋಗುತ್ತವೆ. ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಮಾಡುವುದು) ಒಂದೇ ಗಾಲಿ ಸುತ್ತುವಾಗ ಕೈಹಿಡಿಯುತ್ತದೆ, ಆದರೆ ನೇರ ಹೋಗುವಾಗ ಮಾತ್ರ ಹಾಕಿ.

ಟೈರಿಗೆ ಚೈನು ಸುತ್ತುವ ವಿಚಾರ ಬಿಡಿ. ನಮ್ಮ ಕೆಸರಿಗೆ ಕೇಜ್ ವೀಲೇ, ಅಂದರೆ ಕಬ್ಬಿಣದ ಪಟ್ಟಿಗಳ ಪಂಜರದಂಥ ಗಾಲಿಯೇ, ಸರಿ. ಅದನ್ನು ಹಾಕಿಕೊಂಡು ಡಾಂಬರು ರಸ್ತೆ ಮೇಲೆ ಬಂದರೆ ರಸ್ತೆ ಕಿತ್ತುಬರುತ್ತದೆ, ಊರವರ ಬೈಗುಳ ನಿಮಗೇ.

ನನ್ನ ಗಾಡಿಗೆ ಯಾವ ಸೈಜಿನ ಚೈನು?

ಗಾಡಿ ಅತಿ ಹೆಚ್ಚು ಎಷ್ಟು ಎಳೆಯಬಲ್ಲದೋ ಚೈನಿನ ಕೆಲಸದ ಭಾರ ಅದರ ಎರಡು ಪಟ್ಟಿರಬೇಕು. ಇದು ನನ್ನ ಅಂಗಡಿಯ ನಿಯಮ. ಕೆಲಸದ ಭಾರ ಅಂದರೆ ಚೈನು ದಿನವೂ ಹೊರಬಹುದಾದ ಭಾರ. ಅದು ಕಡಿಯುವ ಭಾರವಲ್ಲ. ಗ್ರೇಡ್ 80ರ (ಹದ ಮಾಡಿದ ಗಟ್ಟಿ ಉಕ್ಕಿನ, ವಿವರ ಮುಂದಿದೆ) ಎತ್ತುವ ಚೈನಿನಲ್ಲಿ ಕಡಿಯುವ ಭಾರ ಇದರ ನಾಲ್ಕು ಪಟ್ಟಿರುತ್ತದೆ. ಮಾರುವವರು ಕೆಲವರು ಆ ದೊಡ್ಡ ಅಂಕಿಯನ್ನೇ ಹೇಳಿ ದಾರಿ ತಪ್ಪಿಸುತ್ತಾರೆ.

1000 ಕೆಜಿ ಫೋರ್ ವೀಲ್ ಗಾಡಿ ಕಾಂಕ್ರೀಟ್ ಮೇಲೆ 800 ಎಳೆಯುತ್ತದೆ, ಎರಡು ಪಟ್ಟು 1600. ಗ್ರೇಡ್ 80ರಲ್ಲಿ 7 ಎಂಎಂ ಚೈನಿನ ಕೆಲಸದ ಭಾರ 1.5 ಟನ್, 8 ಎಂಎಂನದು 2 ಟನ್, 10 ಎಂಎಂನದು 3.15 ಟನ್, 13 ಎಂಎಂನದು 5.3 ಟನ್. ಆದ್ದರಿಂದ 8 ಎಂಎಂ ತೆಗೆದುಕೊಳ್ಳಿ. ಮನೆಯಲ್ಲಿ 50 ಎಚ್‌ಪಿ ದೊಡ್ಡ ಗಾಡಿಯೂ ಇದ್ದು ಒಂದೇ ಚೈನು ಎರಡಕ್ಕೂ ಬೇಕು ಅನ್ನುವವರಿಗೆ ನಾನು 10 ಎಂಎಂ ಕೊಡುತ್ತೇನೆ. ಎರಡು ಟನ್ನಿನ ದೊಡ್ಡ ಗಾಡಿ ಒಂದೂವರೆ ಟನ್ ಎಳೆದರೆ ಅದಕ್ಕೂ ಸರಿಹೊಂದುತ್ತದೆ.

ಗ್ರೇಡ್ 80 ಅಂದ್ರೇನು? ಅಂಗಡ್ಯಾಗ ಕೆಜಿ ಲೆಕ್ಕದಾಗ ಸಿಗೋದು ಚಲೋ ಇರೂದಿಲ್ಲೇನು?

ಹಾರ್ಡ್‌ವೇರ್ ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿರುವ, ಕೆಜಿ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಚೈನು ಸಾದಾ ಕಬ್ಬಿಣದ್ದು. ದನ ಕಟ್ಟಲು, ಗೇಟಿಗೆ, ಟ್ರೇಲರ್ ಬಾಗಿಲಿಗೆ ಒಳ್ಳೆಯದು. ಅದರ ಮೇಲೆ ಯಾವ ಗುರುತೂ ಇರುವುದಿಲ್ಲ. ಗುರುತಿಲ್ಲದ ಚೈನನ್ನು ನಾನು ಗ್ರೇಡ್ 30 ಅಂತಲೇ ಹಿಡಿಯುತ್ತೇನೆ: 8 ಎಂಎಂಗೆ ಸುಮಾರು 860 ಕೆಜಿ, 10 ಎಂಎಂಗೆ 1200, 13 ಎಂಎಂಗೆ 2000. ಅದೂ ಬೆಸುಗೆ ಸರಿಯಾಗಿದ್ದರೆ.

ಗ್ರೇಡ್ 80 ಮಿಶ್ರಲೋಹದ ಉಕ್ಕು, ಬಿಸಿ ಕೊಟ್ಟು ಹದ ಮಾಡಿದ್ದು. ಪ್ರತಿ ಇಪ್ಪತ್ತು ಕೊಂಡಿಗೊಂದರಂತೆ 8, 80 ಅಥವಾ 800 ಅಂತ ಒತ್ತಿರುತ್ತದೆ. ಬೆರಳಲ್ಲಿ ಸವರಿದರೆ ತಿಳಿಯುತ್ತದೆ. ಮೊದಲ ಮಾರಿನಲ್ಲೇ ಆ ಗುರುತು ಸಿಗದಿದ್ದರೆ, ಅಂಗಡಿಯವರು ಏನೇ ಹೇಳಿದರೂ, ಅದು ಗ್ರೇಡ್ 80 ಅಲ್ಲ ಅಂತಲೇ ತಿಳಿಯಿರಿ. ಬಣ್ಣ ನೋಡಿ ನಂಬಬೇಡಿ. ಕಪ್ಪು ಬಣ್ಣ ಯಾರು ಬೇಕಾದರೂ ಬಳಿಯಬಹುದು.

ಬೆಲೆ ಹೆಚ್ಚು, ನಿಜ. ಆದರೆ ತೂಕ ನೋಡಿ. ಹೆಚ್ಚುಕಮ್ಮಿ ಅದೇ 2 ಟನ್ ಕೆಲಸಕ್ಕೆ ಸಾದಾ ಚೈನು 13 ಎಂಎಂ ಬೇಕು, ಮೀಟರಿಗೆ ಸುಮಾರು 3.8 ಕೆಜಿ. ಗ್ರೇಡ್ 80 ಆದರೆ 8 ಎಂಎಂ, ಮೀಟರಿಗೆ 1.4. ಐದು ಮೀಟರಿಗೆ 19 ಕೆಜಿ ಒಂದು ಕಡೆ, 7 ಕೆಜಿ ಇನ್ನೊಂದು ಕಡೆ. ಕೆಸರಿನಲ್ಲಿ ಹೆಗಲ ಮೇಲೆ ಹೊತ್ತು ನಡೆದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಎರಡು ಚೈನು ಹಾಕಿದ್ರ ಎರಡರಷ್ಟು ಗಟ್ಟಿ ಅಲ್ಲೇನು?

ಎರಡೂ ಒಂದೇ ಉದ್ದವಿದ್ದು ಒಂದೇ ದಿಕ್ಕಿನಲ್ಲಿ ಸಮವಾಗಿ ಬಿಗಿದರೆ ಮಾತ್ರ. ಹೆಚ್ಚಾಗಿ ಒಂದು ಬಿಗಿದು ಇನ್ನೊಂದು ಸಡಿಲ ಇರುತ್ತದೆ, ಭಾರವೆಲ್ಲ ಒಂದರ ಮೇಲೇ. ಗಾಡಿಯ ಎರಡು ಕಡೆಯಿಂದ ಕವಣೆಯಂತೆ ಕಟ್ಟಿದಾಗ ನಡುವಿನ ಕೋನ 90 ಡಿಗ್ರಿಯಾದರೆ ಒಂದೊಂದು ಕಾಲಿಗೂ ಎಳೆತದ 70 ಪರ್ಸೆಂಟ್ ಬೀಳುತ್ತದೆ. 120 ಡಿಗ್ರಿಯಾದರೆ ಒಂದೊಂದಕ್ಕೂ ಪೂರ್ತಿ ಎಳೆತ. ಕಾಲುಗಳನ್ನು ಉದ್ದ ಬಿಟ್ಟು ಕೋನ ಚಿಕ್ಕದಿಡಿ.

ಹುಕ್ಕು, ಶ್ಯಾಕಲ್ ವಿಷಯ?

ಚೈನಿನ ಗ್ರೇಡೇ ಅದಕ್ಕೂ ಇರಬೇಕು. ಗ್ರೇಡ್ 80 ಚೈನಿಗೆ ಸಂತೆಯ ಹುಕ್ಕು ಸಿಕ್ಕಿಸಿದರೆ ಕಾಸು ಖರ್ಚು ಮಾಡಿದ್ದೂ ದಂಡ. ಬಾಯಿಗೆ ಲ್ಯಾಚ್ ಇರುವ ಹುಕ್ಕು ತಗೊಳ್ಳಿ. ಚೈನು ಸಡಿಲವಾದಾಗ ಕೊಂಡಿ ಜಾರಿ ಬೀಳುವುದಿಲ್ಲ. ಹುಕ್ಕಿನ ತುದಿಯ ಮೇಲೆ ಭಾರ ಬೀಳುವ ಹಾಗೆ ಎಂದೂ ಕಟ್ಟಬೇಡಿ, ಹೊಟ್ಟೆಯಲ್ಲಿ ಕೂರಬೇಕು.

ಶ್ಯಾಕಲ್‌ನ ಪಿನ್ ಕಳೆದುಹೋಗುವುದು ಸಾಮಾನ್ಯ, ಅದರ ಜಾಗಕ್ಕೆ ಬೋಲ್ಟ್ ಹಾಕುವುದೂ ಸಾಮಾನ್ಯ. ನಾನೂ ಹಾಕಿದ್ದೆ. ಹದಿನಾರರ ಬೋಲ್ಟ್, ದಪ್ಪ ನೋಡಿ ಧೈರ್ಯ ಬಂದಿತ್ತು. ಹೂತ ಟ್ರೇಲರ್ ಎಳೆಯುತ್ತಿದ್ದೆ, ಎರಡನೇ ಸಲ ಕ್ಲಚ್ ಬಿಟ್ಟಾಗ ‘ಟಪ್’ ಅಂತ ಸಣ್ಣ ಸದ್ದು, ಅಷ್ಟೇ. ತಿರುಗಿ ನೋಡಿದರೆ ಚೈನು ನೆಲದ ಮೇಲೆ, ನನ್ನ ಗಾಡಿಯ ಹಿಂದಿನ ಲೈಟು ಇಲ್ಲ. ಬೋಲ್ಟಿನ ತುಂಡು ಲೈಟನ್ನು ತೂರಿ ಮಡ್‌ಗಾರ್ಡಿನಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಮಾಡಿತ್ತು. ಆ ತೂತು ನನ್ನ ಸೀಟಿನಿಂದ ಒಂದು ಮೊಳ ದೂರ. ಇನ್ನೂ ಮುಚ್ಚಿಸಿಲ್ಲ. ಶ್ಯಾಕಲ್ ಕೊಳ್ಳಲು ಬಂದು ‘ಬೋಲ್ಟ್ ನಡಿತೈತಿ ಬಿಡ್ರಿ’ ಅನ್ನುವವರಿಗೆ ತೋರಿಸುತ್ತೇನೆ.

ಸ್ವಲ್ಪ ಜರ್ಕ್ ಕೊಟ್ರ ಬರ್ತೈತಲ್ಲ?

ಬರುತ್ತದೆ, ಅದಕ್ಕೇ ಜನ ಬಿಡುವುದಿಲ್ಲ. ಅದರ ಬೆಲೆ ನೋಡಿ. 1000 ಕೆಜಿ ಗಾಡಿ ಗಂಟೆಗೆ 5 ಕಿಮೀ ವೇಗದಲ್ಲಿ, ಅಂದರೆ ನಡಿಗೆಯ ವೇಗದಲ್ಲಿ, ಸಡಿಲ ಚೈನು ಬಿಗಿಯುವ ತನಕ ಓಡಿತು ಅನ್ನಿ. ಚೈನು ಹಿಗ್ಗಿ, ಮಣ್ಣು ಬಿಟ್ಟುಕೊಟ್ಟು 5 ಸೆಂಟಿಮೀಟರಿನಲ್ಲಿ ನಿಂತರೆ ಚೈನಿಗೆ ಬೀಳುವ ಭಾರ ಸರಾಸರಿ 2 ಟನ್. 2 ಸೆಂಟಿಮೀಟರಿನಲ್ಲೇ ನಿಂತರೆ 5 ಟನ್. ವೇಗ 10 ಕಿಮೀ ಆದರೆ ನಾಲ್ಕು ಪಟ್ಟು. 600 ಎಳೆಯುವ ಗಾಡಿಗೆ 2 ಟನ್ನಿನ ಚೈನು ಸಾಕು ಅಂತ ಲೆಕ್ಕ ಹಾಕಿದ್ದೆಲ್ಲ ಅಲ್ಲಿಗೆ ಮುಗಿಯಿತು. ಚೈನು ತಡೆದರೂ ಗೇರ್‌ಬಾಕ್ಸು, ಆಕ್ಸಲ್ಲು ಪೆಟ್ಟು ತಿನ್ನುತ್ತವೆ. ಸಣ್ಣ ಗಾಡಿಯ ಹಲ್ಲುಚಕ್ರಗಳನ್ನು ಇಂಥ ಹೊಡೆತಕ್ಕೆ ಮಾಡಿಲ್ಲ.

ಕ್ರಮ ಹೀಗಿರಲಿ: ಲೋ ಗೇರು, ಚೈನು ಬಿಗಿಯುವ ತನಕ ಇಂಚಿಂಚೇ ಮುಂದೆ, ಬಿಗಿದ ಮೇಲೆ ಗಾಡಿಯ ಭಾರ ಕೊಡುವುದು. ಜಾರಿದರೆ ನಿಲ್ಲಿಸಿ ಇಳಿದು ಮತ್ತೆ ತೋಡಿ.

ಚೈನಿನ ಬದಲು ನೈಲಾನ್ ಹಗ್ಗ, ವೈರ್ ರೋಪ್?

ನೈಲಾನ್ ಹಿಗ್ಗುತ್ತದೆ, ಹಾಗಾಗಿ ಎಳೆತ ಮೆತ್ತಗೆ ಬರುತ್ತದೆ. ಆದರೆ ಕಡಿದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ, ತುದಿಯಲ್ಲಿ ಹುಕ್ಕಿದ್ದರೆ ಗುಂಡೇಟಿನಂತೆ. ವೈರ್ ರೋಪ್ ಸುತ್ತಿ ಮಡಚಿದಲ್ಲಿ ಎಳೆ ಕಡಿದು ಕೈಗೆ ಚುಚ್ಚುತ್ತದೆ, ಆದರೆ ಪುಲ್ಲಿ ಹಾಕಿ ಎರಡರಷ್ಟು ಎಳೆತ ತೆಗೆಯಬೇಕಾದರೆ ಅದೇ ಬೇಕು. ಚೈನು ಹಿಗ್ಗುವುದು ಕಮ್ಮಿ, ಕಡಿದಾಗ ಹೆಚ್ಚಾಗಿ ನೆಲಕ್ಕೆ ಬೀಳುತ್ತದೆ. ಯಾವಾಗಲೂ ಬೀಳುತ್ತದೆ ಅಂತ ನಂಬಬೇಡಿ, ನನ್ನ ಬೋಲ್ಟು ಬೀಳಲಿಲ್ಲ. ಚೈನಿನ ನಡುವೆ ಒದ್ದೆ ಗೋಣಿಚೀಲ ಹೊದಿಸಿ. ಚೈನಿನ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು. ಗಾಡಿ ಹೂತಿದೆ ಅಂದರೆ ಊರಿನ ಹುಡುಗರೆಲ್ಲ ಬಂದು ಸುತ್ತ ನಿಲ್ಲುತ್ತಾರೆ. ಅವರನ್ನು ಓಡಿಸುವುದೂ ಕೆಲಸದ ಭಾಗ.

ಚೈನು ಎಲ್ಲಿಗೆ ಸಿಕ್ಕಿಸಬೇಕು? ಟಾಪ್ ಲಿಂಕಿಗೆ ಹಾಕಿದ್ರ ಎತ್ತಿ ಎಳಿತೈತಿ ಅಂತಾರ.

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಚೈನು ಡ್ರಾಬಾರಿಗೆ ಮಾತ್ರ. ಟಾಪ್ ಲಿಂಕಿಗಲ್ಲ (ಕಲ್ಟಿವೇಟರಿನಂಥವುಗಳ ಮೇಲ್ತುದಿ ಹಿಡಿಯುವ ರಾಡು), ಲಿಫ್ಟಿನ ತೋಳುಗಳಿಗಲ್ಲ, ಆಕ್ಸಲಿಗಲ್ಲ.

ಎಳೆಯುವಾಗ ಮುಂದಿನ ಗಾಲಿಯ ತೂಕ ಹಿಂದಕ್ಕೆ ಬರುತ್ತದೆ. ಎಷ್ಟು ಬರುತ್ತದೆ ಅನ್ನುವುದಕ್ಕೆ ಎಳೆತವನ್ನು ಚೈನು ಸಿಕ್ಕಿಸಿದ ಎತ್ತರದಿಂದ ಗುಣಿಸಿ ಎರಡು ಆಕ್ಸಲ್ ನಡುವಿನ ಅಂತರದಿಂದ ಭಾಗಿಸಿ. 500 ಕೆಜಿ ಎಳೆತ, ಡ್ರಾಬಾರ್ 40 ಸೆಂಟಿಮೀಟರ್ ಎತ್ತರ, ಆಕ್ಸಲ್ ಅಂತರ 150 ಆದರೆ 133 ಕೆಜಿ ಮುಂದಿನಿಂದ ಹಿಂದಕ್ಕೆ. ಇದು ಒಳ್ಳೆಯದೇ, ಹಿಂದಿನ ಗಾಲಿ ಇನ್ನಷ್ಟು ಕಚ್ಚುತ್ತದೆ. ಅದೇ ಚೈನನ್ನು 90 ಸೆಂಟಿಮೀಟರ್ ಎತ್ತರದ ಟಾಪ್ ಲಿಂಕಿಗೆ ಹಾಕಿದರೆ 300 ಕೆಜಿ. ಸಣ್ಣ ಗಾಡಿಯ ಮೂತಿಯ ಮೇಲೆ ಇರುವುದೇ 400ರ ಹತ್ತಿರ. ಒಂದು ಜರ್ಕ್ ಕೊಟ್ಟರೆ ಮೂತಿ ಮೇಲೆದ್ದಿತು. ಎದ್ದ ಮೇಲೆ ಗಾಡಿ ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡೂ ಬೇಕಿಲ್ಲ, ಅದರಲ್ಲಿ ಮುಕ್ಕಾಲು ಸೆಕೆಂಡ್ ಕಳೆದರೆ ವಾಪಸ್ ಬರುವ ದಾರಿಯೇ ಇಲ್ಲ. ಕ್ಲಚ್ ಮೇಲೆ ಕಾಲಿಡುವಷ್ಟರಲ್ಲಿ ಅದು ಮುಗಿದಿರುತ್ತದೆ. ಸ್ಟೀರಿಂಗ್ ಮೈಮೇಲೆ ಬರುತ್ತದೆ.

ಗಾಡಿಗೆ ರೋಲ್ ಬಾರ್ (ಮಗುಚಿದಾಗ ಡ್ರೈವರನ್ನು ಕಾಯುವ ಕಬ್ಬಿಣದ ಕಮಾನು) ಇದ್ದರೆ ಸೀಟ್ ಬೆಲ್ಟ್ ಹಾಕಿ. ಇಲ್ಲದಿದ್ದರೆ ಬೆಲ್ಟ್ ಹಾಕಬೇಡಿ. ಸಿಕ್ಕಿದ ಗಾಡಿಯ ಕಡೆ ಚೈನನ್ನು ಸ್ಟೀರಿಂಗ್ ರಾಡಿಗೆ ಹಾಕುವವರೂ ಇದ್ದಾರೆ. ಮುಂದಿನ ತೂಕದ ಬ್ರಾಕೆಟ್ ಇಲ್ಲವೇ ಚಾಸಿಯ ಗಟ್ಟಿ ಭಾಗ ಹುಡುಕಿ.

ಬಳ್ಳಾರಿ ಜಾಲಿ ಬೊಡ್ಡೆ ಕೀಳಬಹುದಾ?

ಊರಿನ ಹೆಸರು ನಮ್ಮದು, ಗಿಡ ಮಾತ್ರ ಅಮೆರಿಕ ಖಂಡದಿಂದ ಬಂದದ್ದು. ಬದು, ಕಾಲುವೆ ದಂಡೆ, ಬೀಳು ಹೊಲ ಎಲ್ಲ ಅದರದ್ದೇ. ಕೈಮುಷ್ಟಿ ದಪ್ಪದ ಬೊಡ್ಡೆಯಾದರೆ ಸಣ್ಣ ಗಾಡಿ ಕೀಳುತ್ತದೆ, ಮಳೆ ಬಂದು ಮೂರು ನಾಲ್ಕು ದಿನ ಬಿಟ್ಟು ಪ್ರಯತ್ನಿಸಿ. ಆಗ ಮೇಲೆ ನೆಲ ಆರಿ ಟೈರಿಗೆ ಹಿಡಿತವಿರುತ್ತದೆ, ಕೆಳಗೆ ಬೇರಿನ ಹತ್ತಿರ ತೇವ ಉಳಿದಿರುತ್ತದೆ. ತೊಡೆ ದಪ್ಪದ್ದಾದರೆ ಸುತ್ತ ಒಂದೂವರೆ ಅಡಿ ತೋಡಿ ಪಕ್ಕದ ಬೇರುಗಳನ್ನು ಕೊಡಲಿಯಿಂದ ಕಡಿದು ಆಮೇಲೆ ಎಳೆಯಿರಿ. ಚೈನನ್ನು ನೆಲದ ಮಟ್ಟದಲ್ಲಿ ಸುತ್ತಿ. ಮೇಲೆ ಸುತ್ತಿದರೆ ಜಾರಿ ಕಾಂಡವೇ ಹಾರಿ ಬರುತ್ತದೆ. ಸುತ್ತುವ ಮುನ್ನ ಮುಳ್ಳು ಸವರಿ, ಬಿದ್ದ ಟೊಂಗೆ ಗಾಡಿ ಓಡುವ ಕಡೆಯಿಂದ ಆಚೆ ಎಸೆಯಿರಿ. ನಾನು ಕಂಡಂತೆ ಜಾಲಿ ಕಿತ್ತ ದಿನದ ಖರ್ಚಿನಲ್ಲಿ ಪಂಕ್ಚರ್ ಖರ್ಚೇ ದೊಡ್ಡದು.

ಅದಕ್ಕಿಂತ ದಪ್ಪದ್ದಕ್ಕೆ ಜೆಸಿಬಿ ಕರೆಸಿ. ಆಕ್ಸಲ್ ಮುರಿದ ಗಾಡಿಯ ರಿಪೇರಿ ಮಾಡಿ ದುಡ್ಡು ತಗೊಳ್ಳುವವನೇ ಈ ಮಾತು ಹೇಳುತ್ತಿದ್ದಾನೆ.

ಚೈನು ಯಾವಾಗ ಬಿಸಾಕಬೇಕು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಲಿಂಕ್ ಕಡಿದು ಗೇಟೇ ಕೊಚ್ಚಿಹೋದದ್ದು ಈ ಭಾಗದಲ್ಲಿ ಯಾರಿಗೂ ಮರೆತಿಲ್ಲ. ಎರಡನೇ ಬೆಳೆ ಹೋಯಿತೇನೋ ಅಂತ ಎದೆ ಹಿಡಿದು ಕೂತಿದ್ದೆವು. ಅಲ್ಲಿ ಇದ್ದದ್ದು 33 ಗೇಟು. ನಮ್ಮದು ಐದು ಮೀಟರ್ ಚೈನು, ಹತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು.

ಮೊದಲು ನೀರಿನಲ್ಲಿ ತೊಳೆದು ಒಣಗಿಸಿ, ಕೆಸರು ಹತ್ತಿದ ಚೈನಿನಲ್ಲಿ ಏನೂ ಕಾಣುವುದಿಲ್ಲ. ನೆಲದ ಮೇಲೆ ಉದ್ದಕ್ಕೆ ಹಾಸಿ ಒಂದೊಂದೇ ಕೊಂಡಿ ತಿರುಗಿಸಿ ನೋಡಿ. ಕೊಂಡಿ ಕೊಂಡಿ ತಾಗುವ ಒಳಮೂಲೆಯಲ್ಲಿ ಸವೆತ ಜಾಸ್ತಿ. ವರ್ನಿಯರ್ ಹಿಡಿದು ನೋಡಿ, 10 ಎಂಎಂ ಕೊಂಡಿ 9ಕ್ಕೆ ಬಂದಿದ್ದರೆ ಅದರ ಕೆಲಸ ಮುಗಿಯಿತು. ಹೊಸದಿದ್ದಾಗಲೇ ಹನ್ನೊಂದು ಕೊಂಡಿಯ ಉದ್ದ ಅಳೆದು ಗೋಡೆ ಮೇಲೆ ಬರೆದಿಡಿ. ಅದು 5 ಪರ್ಸೆಂಟ್ ಹಿಗ್ಗಿದ್ದರೆ ಬಿಸಾಕಿ. ತಿರುಚಿದ್ದು, ಬಾಗಿದ್ದು, ಕಚ್ಚು ಬಿದ್ದದ್ದು, ಬೆಸುಗೆಯ ಬಳಿ ಬಿರುಕು ಕಂಡದ್ದು ಯಾವುದೂ ಬೇಡ. ಮಡಚಿದಾಗ ಕೊಂಡಿಗಳು ಸರಾಗವಾಗಿ ಆಡದೆ ಬಿಗಿಯಾಗಿ ನಿಂತರೆ ಅಲ್ಲಿ ಹಿಗ್ಗಿದೆ ಅಂತಲೇ ಅರ್ಥ.

ಕಡಿದ ಕೊಂಡಿ ವೆಲ್ಡ್ ಮಾಡಿ ಕೊಡ್ತೀರೇನು?

ದನದ ಚೈನಾದರೆ ಕೊಡುತ್ತೇನೆ. ಎಳೆಯುವ ಚೈನಿಗೆ ಇಲ್ಲ. ಬಿಸಿ ತಾಗಿದ ಕೂಡಲೇ ಗ್ರೇಡ್ 80ರ ಹದ ಹೋಗುತ್ತದೆ. ನಡುವೆ ನಟ್ಟು-ಬೋಲ್ಟ್ ಹಾಕಿ ಕೂಡಿಸುವುದೂ, ಚೈನಿಗೆ ಗಂಟು ಹಾಕುವುದೂ ಬೇಡ. ಅದೇ ಗ್ರೇಡಿನ ಜೋಡುಕೊಂಡಿ ಸಿಗುತ್ತದೆ, ಅದನ್ನು ಹಾಕೋಣ.

ಎಷ್ಟು ಉದ್ದ?

4ರಿಂದ 5 ಮೀಟರ್. ಚಿಕ್ಕದಾದರೆ ಸಿಕ್ಕಿದ ಗಾಡಿ ಹೊರಬಂದ ಕೂಡಲೇ ನಿಮ್ಮ ಬೆನ್ನಿಗೆ ಬಂದು ಗುದ್ದುತ್ತದೆ.

ಇದನ್ನೆಲ್ಲ ಸರಿಯಾಗಿ ಕಲಿಯೂದಕ್ಕ ಎಲ್ಲಿ ಹೋಗಬೇಕು?

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ, ಅಲ್ಲಿಯವರನ್ನು ಕೇಳಿ. ಬಳ್ಳಾರಿ ಕಡೆಯವರಿಗೆ ಅನಂತಪುರದ ಹತ್ತಿರದ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆ ಇದೆ. ಹೊಸ ಗಾಡಿ ಕೊಳ್ಳುವವರು ಮಧ್ಯಪ್ರದೇಶದ ಬುಧ್ನಿ ಸಂಸ್ಥೆಯ ಟೆಸ್ಟ್ ರಿಪೋರ್ಟ್ ತೋರಿಸಿ ಅಂತ ಡೀಲರನ್ನು ಕೇಳಿ. ಅದರಲ್ಲಿ ಡ್ರಾಬಾರಿನ ಎಳೆತ ಅಳೆದು ಬರೆದಿರುತ್ತಾರೆ. ಅಳೆದದ್ದು ಕಾಂಕ್ರೀಟ್ ಮೇಲೆ ಅನ್ನುವುದು ನೆನಪಿರಲಿ, ನಿಮ್ಮ ಎರೆ ಹೊಲದಲ್ಲಿ ಅದರ ಮೂರನೇ ಒಂದು ಭಾಗ ಸಿಕ್ಕರೆ ಪುಣ್ಯ.

ಅಣ್ಣಾ, ಒಂದಿನದ ಮಟ್ಟಿಗೆ ಚೈನು ಬಾಡಿಗಿ ಕೊಡ್ತೀಯೇನು?

ಇಲ್ಲ ತಮ್ಮಾ. ಮೊದಲು ಕೊಡುತ್ತಿದ್ದೆ. ಒಮ್ಮೆ 10 ಎಂಎಂ ಚೈನು ಸಂಜೆ ವಾಪಸ್ ಬಂತು, ನೀಟಾಗಿ ಸುತ್ತಿ ಗೋಣಿಚೀಲದಲ್ಲಿ ಹಾಕಿ, ಮೇಲೆ ಒಂದು ಡಜನ್ ಬಾಳೆಹಣ್ಣೂ ಇಟ್ಟು ಕೊಟ್ಟಿದ್ದರು. ಇಷ್ಟು ಮರ್ಯಾದೆ ಯಾಕೆ ಅಂತ ಬಿಚ್ಚಿ ಹಾಸಿ ನೋಡಿದರೆ ನಟ್ಟನಡುವಿನ ನಾಲ್ಕು ಕೊಂಡಿ ಹುಣಸೆಬೀಜದ ಆಕಾರದಿಂದ ಬೆಂಡೆಕಾಯಿ ಆಕಾರಕ್ಕೆ ಬಂದಿದ್ದವು. ಅದನ್ನು ಕತ್ತರಿಸಿ ಗೇಟಿಗೆ ಹಾಕಿದ್ದೇನೆ.